ಬಾಡಿಗೆದಾರರು ಇರುವ ಮನೆ ಕೊಂಡಿದ್ದೀರಾ? ಖಾಲಿ ಮಾಡಿಸುವ ದಾರಿ, ಮೊದಲಿಂದ ಕೀಲಿಕೈ ಕೈಗೆ ಬರುವವರೆಗೆ

“ಸ್ವಾಮಿ, ರಿಜಿಸ್ಟ್ರೇಷನ್ ಆಯ್ತು. ಮನೆ ನಂದಾಯ್ತು. ಇನ್ನು ಒಳಗಿರೋರನ್ನ ಎಬ್ಬಿಸಬೇಕು. ಎಷ್ಟು ದಿನ ಆಗುತ್ತೆ?”

ತುಮಕೂರಿನಲ್ಲಿ ಆಸ್ತಿ ಪತ್ರ ಬರೆಯುವ ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರು, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಇರುವವರು, ರಿಟೈರ್ ಆಗಿ ಬಂದವರು, ಎಲ್ಲರೂ ಇಲ್ಲಿ ಕಟ್ಟಿದ ಮನೆ ಹುಡುಕುತ್ತಾರೆ. ಕಟ್ಟಿದ ಮನೆ ಅಂದ ಮೇಲೆ ಒಳಗೆ ಯಾರಾದರೂ ಇದ್ದೇ ಇರುತ್ತಾರೆ. ಕೊಳ್ಳುವವರು ಗೋಡೆ ತಟ್ಟಿ ನೋಡುತ್ತಾರೆ, ಬೋರ್‌ವೆಲ್ ನೀರು ಕುಡಿದು ನೋಡುತ್ತಾರೆ. ಒಳಗೆ ಅಡುಗೆ ಮಾಡುತ್ತಿರುವ ಹೆಂಗಸನ್ನು ಮಾತ್ರ ಒಂದು ಮಾತೂ ಕೇಳುವುದಿಲ್ಲ.

ಮನೆ ಕೊಂಡಾಗ ಬಾಡಿಗೆದಾರರೂ ಅದರ ಜೊತೆಗೇ ಬರುತ್ತಾರೆ. ಹಳೆ ಮಾಲೀಕ ಎಲ್ಲಿ ನಿಂತಿದ್ದನೋ ಅಲ್ಲೇ ನೀವು ನಿಂತಿದ್ದೀರಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಹೇಳುವುದು ಇದನ್ನೇ. ಬಾಡಿಗೆ ಕೇಳುವ ಹಕ್ಕು, ನೋಟಿಸ್ ಕೊಡುವ ಹಕ್ಕು, ಖಾಲಿ ಮಾಡಿಸುವ ಹಕ್ಕು ನಿಮಗೆ ಬಂತು. ಆದರೆ ಅವನಿಗೆ ಇಲ್ಲದ ಹಕ್ಕು ನಿಮಗೆ ಎಲ್ಲಿಂದಲೂ ಬರುವುದಿಲ್ಲ. ಅವನು 11 ತಿಂಗಳ ಕರಾರು ಮಾಡಿಕೊಂಡು ಅದರಲ್ಲಿ ಇನ್ನೂ 6 ತಿಂಗಳು ಉಳಿದಿದ್ದರೆ, ನೀವೂ ಆ 6 ತಿಂಗಳು ಕಾಯಬೇಕು. “ನಾನು ಸಹಿ ಹಾಕಿಲ್ವಲ್ಲ” ಅನ್ನುವ ಮಾತು ನಡೆಯುವುದಿಲ್ಲ.

ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ ಅಂದರೆ

ಹಾಗಿದ್ದರೆ ನೀವು ಅದೃಷ್ಟವಂತರು. ಮುಕ್ಕಾಲು ಪಾಲು ಕೆಲಸ ಇಲ್ಲೇ ಮುಗಿಯುತ್ತದೆ.

ಮೊದಲು ಒಳಗಿರುವವರನ್ನು ನೇರವಾಗಿ ಮಾತಾಡಿಸಿ. ಬ್ರೋಕರ್ ಇಲ್ಲದ ಹೊತ್ತಲ್ಲಿ ಹೋಗಿ. ಯಾವಾಗಿಂದ ಇದ್ದೀರಿ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕರಾರು ಪತ್ರ ಇದೆಯಾ ಅಂತ ಕೇಳಿ. ಇದು ಬರೀ ವಿಚಾರಣೆ ಅಲ್ಲ. ಸ್ವತ್ತಿನಲ್ಲಿ ಯಾರಾದರೂ ಸ್ವಾಧೀನದಲ್ಲಿದ್ದರೆ ಅವರ ಹಕ್ಕು ಏನು ಅನ್ನುವುದು ಕೊಂಡವನಿಗೆ ಗೊತ್ತಿತ್ತು ಅಂತಲೇ ಕಾನೂನು ಭಾವಿಸುತ್ತದೆ. “ನಂಗೊತ್ತಿರಲಿಲ್ಲ” ಅಂತ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಇ.ಸಿ. (ಸ್ವತ್ತಿನ ಋಣಭಾರ ಪ್ರಮಾಣಪತ್ರ) ತೆಗೆಸುವಾಗ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಕ್ರಯಪತ್ರಗಳನ್ನಷ್ಟೇ ನೋಡಿ ಸುಮ್ಮನಾಗಬೇಡಿ. ರಿಜಿಸ್ಟರ್ ಆದ ಬಾಡಿಗೆ ಕರಾರು, ಭೋಗ್ಯದ ಪತ್ರ, ಕ್ರಯದ ಕರಾರು ಇದ್ದರೆ ಅವೂ ಅಲ್ಲಿ ಕಾಣುತ್ತವೆ. ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ತುಮಕೂರು ಕೋರ್ಟುಗಳಲ್ಲಿ ದಾವೆ ಇದೆಯಾ ಅಂತಲೂ ನೋಡಿ. ದಾವೆ ನಡೆಯುತ್ತಿರುವಾಗ ಕೊಂಡ ಸ್ವತ್ತಿಗೆ ಆ ದಾವೆಯ ತೀರ್ಪು ಅಂಟಿಕೊಳ್ಳುತ್ತದೆ.

ಇನ್ನು ಕ್ರಯಪತ್ರದ ಒಂದು ಸಾಲು. ನಮ್ಮ ಕಡೆ ಎಲ್ಲಾ ಪತ್ರದಲ್ಲೂ ಒಂದು ಸಿದ್ಧ ವಾಕ್ಯ ಇರುತ್ತದೆ: “ಷೆಡ್ಯೂಲ್ ಸ್ವತ್ತಿನ ಖಾಲಿ ಸ್ವಾಧೀನವನ್ನು ಈ ದಿನವೇ ನಿಮಗೆ ಬಿಟ್ಟುಕೊಟ್ಟಿರುತ್ತೇವೆ.” ಒಳಗೆ ಕುಕ್ಕರ್ ಕೂಗುತ್ತಿರುತ್ತದೆ, ಪತ್ರದಲ್ಲಿ ಖಾಲಿ ಸ್ವಾಧೀನ! ಟೈಪ್ ಮಾಡುವವರು ಹಳೆ ಫೈಲಿನಿಂದ ತಂದು ಅಂಟಿಸುತ್ತಾರೆ, ಯಾರೂ ಓದುವುದಿಲ್ಲ. ನಾಳೆ ನೀವೇ ದಾವೆ ಹಾಕಿದಾಗ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ. “ಖಾಲಿ ಸ್ವಾಧೀನ ಪಡೆದಿದ್ದೇನೆ ಅಂತ ಸಹಿ ಹಾಕಿದ್ದೀರಲ್ಲ, ಹಾಗಾದರೆ ನನ್ನ ಕಕ್ಷಿದಾರರು ಒಳಗೆ ಹೇಗಿದ್ದಾರೆ?” ಅದರ ಬದಲು ಇದ್ದದ್ದನ್ನು ಇದ್ದ ಹಾಗೆ ಬರೆಸಿ:

“ಷೆಡ್ಯೂಲ್ ಸ್ವತ್ತಿನ ನೆಲಮಹಡಿಯಲ್ಲಿ ಇಂಥವರು ತಿಂಗಳಿಗೆ ರೂ. 9,000 ಬಾಡಿಗೆಗೆ ಇರುತ್ತಾರೆ. ಅವರಿಂದ ಪಡೆದ ಅಡ್ವಾನ್ಸ್ ಮೊಬಲಗು ರೂ. 80,000ವನ್ನು ಕ್ರಯದ ಹಣದಲ್ಲಿ ವಜಾ ಮಾಡಿ ತಾವು ಇಟ್ಟುಕೊಂಡಿರುತ್ತೀರಿ. ಅದನ್ನು ಹಿಂತಿರುಗಿಸುವ ಹೊಣೆ ತಮ್ಮದು. ಇಂದಿನವರೆಗಿನ ಬಾಡಿಗೆ ಬಾಕಿ ವಸೂಲು ಮಾಡುವ ಹಕ್ಕನ್ನೂ ತಮಗೆ ಬಿಟ್ಟುಕೊಟ್ಟಿರುತ್ತೇವೆ.”

ಕೊನೆಯ ಸಾಲು ಯಾಕೆ ಅಂದರೆ, ಬರೆಸದಿದ್ದರೆ ನೀವು ಕೊಳ್ಳುವ ಮುಂಚಿನ ಬಾಕಿ ನಿಮ್ಮದಾಗುವುದಿಲ್ಲ, ಹಳೆ ಮಾಲೀಕನದ್ದೇ ಆಗಿರುತ್ತದೆ. ಅಡ್ವಾನ್ಸ್ ಸಾಲಿನ ಬೆಲೆ ನನಗೆ ಗೊತ್ತಾಗಿದ್ದು ನನ್ನ ಭಾವನ ಮನೆಯಿಂದ. ಉಪ್ಪಾರಹಳ್ಳಿಯಲ್ಲಿ ಮನೆ ಕೊಂಡರು. ಮಾರಿದವರು “ಅಡ್ವಾನ್ಸ್ ನಾನೇ ಅವರಿಗೆ ಮುಂದಿನ ವಾರ ಕೊಟ್ಟುಬಿಡ್ತೀನಿ, ಅದೇನು ದೊಡ್ಡ ವಿಷಯ” ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಸಂಕೋಚಕ್ಕೆ ಬಾಯಿ ಬಿಡಲಿಲ್ಲ. ಆ ಮುಂದಿನ ವಾರ ಇವತ್ತಿಗೂ ಬಂದಿಲ್ಲ. ಕೊನೆಗೆ ಭಾವನೇ 80,000 ಕೈಯಿಂದ ಕೊಟ್ಟು ಮನೆ ಬಿಡಿಸಿಕೊಂಡರು. ಅಕ್ಕ ಈಗಲೂ ಹಬ್ಬಕ್ಕೆ ಹೋದಾಗ ನನಗೆ ಅದನ್ನು ನೆನಪಿಸುತ್ತಾಳೆ.

ಸಾಧ್ಯವಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕ್ರಯದ ಕರಾರಿನಲ್ಲೇ “ಮನೆ ಖಾಲಿ ಮಾಡಿಸಿ ಕೊಡುವುದು ಮಾರುವವರ ಜವಾಬ್ದಾರಿ, ಖಾಲಿ ಆದ ಮೇಲೆ ಬಾಕಿ ಹಣ” ಅಂತ ಬರೆಸಿ. ಹಣ ನಿಮ್ಮ ಕೈಯಲ್ಲಿ ಇರುವವರೆಗೆ ಮಾರುವವರು ನಿಮ್ಮ ಫೋನ್ ಎತ್ತುತ್ತಾರೆ.

ಭೋಗ್ಯ, ಲೀಸ್: ಇದು ಬಾಡಿಗೆ ಅಲ್ಲ

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದು ಜಾಸ್ತಿ. ಮಾಲೀಕನಿಗೆ 5 ಲಕ್ಷವೋ 8 ಲಕ್ಷವೋ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುವುದು. ಹಳಬರು ಭೋಗ್ಯ ಅನ್ನುತ್ತಾರೆ, ಈಗಿನವರು ‘ಲೀಸಿಗೆ ಹಾಕಿದ್ದೀವಿ’ ಅನ್ನುತ್ತಾರೆ.

ಇಂಥ ಮನೆ ಕೊಂಡರೆ ನೋಟಿಸ್‌ಗಿಂತ ಮೊದಲು ದುಡ್ಡು ಜೋಡಿಸಿಕೊಳ್ಳಿ. ಸ್ವಾಧೀನ ಕೊಟ್ಟು ಮಾಡಿದ ಭೋಗ್ಯ ಕಾನೂನಿನ ಕಣ್ಣಲ್ಲಿ ಒಂದು ಅಡಮಾನ. ಹಣ ವಾಪಸ್ ಕೊಟ್ಟರೇ ಸ್ವಾಧೀನ ವಾಪಸ್. ಕೊಂಡವನಿಗೂ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಇದೆ, ಆದರೆ ಹಣ ಕಟ್ಟದೆ ಬಿಡಿಸಿಕೊಳ್ಳುವ ಹಕ್ಕು ಇಲ್ಲ. ಪತ್ರ ರಿಜಿಸ್ಟರ್ ಆಗಿಲ್ಲ, 100 ರೂಪಾಯಿ ಛಾಪಾ ಕಾಗದದಲ್ಲಿ ಇದೆ, ಅದಕ್ಕೆ ಬೆಲೆ ಇಲ್ಲ ಅಂತ ನಿಮಗೆ ಯಾರಾದರೂ ಧೈರ್ಯ ಹೇಳಬಹುದು. ರಿಜಿಸ್ಟರ್ ಆಗದ ಪತ್ರ ದುರ್ಬಲ, ನಿಜ. ಆದರೆ ಲಕ್ಷಗಟ್ಟಲೆ ಕೊಟ್ಟು ಒಳಗೆ ಕೂತ ಕುಟುಂಬ ಪತ್ರದ ದೌರ್ಬಲ್ಯ ನೋಡಿ ಎದ್ದು ಹೋಗುವುದಿಲ್ಲ. ವರ್ಷಗಟ್ಟಲೆ ಕೋರ್ಟಿನಲ್ಲಿ ಕೂರುತ್ತಾರೆ, ಅದೂ ಬಾಡಿಗೆ ಇಲ್ಲದೆ. ನೀವು ಬ್ಯಾಂಕ್ ಸಾಲದ ಕಂತು ಕಟ್ಟುತ್ತಲೇ ಇರುತ್ತೀರಿ.

ಹಾಗಾಗಿ ಭೋಗ್ಯದ ಮನೆಗೆ ನನ್ನ ಸಲಹೆ ಒಂದೇ. ಆ ಮೊತ್ತವನ್ನು ಕ್ರಯದ ಹಣದಲ್ಲಿ ಹಿಡಿದುಕೊಂಡು, ಭೋಗ್ಯದಾರರನ್ನೂ ಉಪನೋಂದಣಾಧಿಕಾರಿ ಕಚೇರಿಗೆ ಕರೆಸಿ, ಅವರ ಹೆಸರಿಗೆ ಡಿ.ಡಿ. ತೆಗೆಸಿ, ಮನೆ ಬಿಟ್ಟ ದಿನ ಕೈಗೆ ಕೊಡಿ. ಅವರು ಬರದಿದ್ದರೆ ಆ ಮನೆ ಬಿಟ್ಟು ಇನ್ನೊಂದು ನೋಡಿ.

ಕೊಂಡಾಯಿತು. ಮೊದಲ ಕಾಗದ ಖಾಲಿ ಮಾಡಿ ಅನ್ನುವುದಲ್ಲ

ಎಲ್ಲರೂ ಎಡವುವುದು ಇಲ್ಲೇ. ಕ್ರಯಪತ್ರ ಕೈಗೆ ಬಂದ ಮಾರನೇ ದಿನ ‘ಮನೆ ಖಾಲಿ ಮಾಡಿ’ ಅಂತ ಹೋಗುತ್ತಾರೆ. ಬಾಡಿಗೆದಾರರು “ನೀವ್ಯಾರು?” ಅನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲ ಕಾಗದ ನೀವು ಯಾರು ಅಂತ ಹೇಳುವುದು. ನಿಮ್ಮನ್ನು ಮಾಲೀಕ ಅಂತ ಅವರು ಒಪ್ಪಿ ಸಹಿ ಹಾಕಬೇಕು ಅಂತೇನೂ ಇಲ್ಲ, ಕ್ರಯದ ಜೊತೆಗೇ ನೀವು ಅವರ ಮಾಲೀಕರಾಗಿರುತ್ತೀರಿ. ಆದರೆ ಅವರಿಗೆ ವಿಷಯ ತಿಳಿಯುವವರೆಗೆ ಹಳೆ ಮಾಲೀಕನಿಗೆ ಬಾಡಿಗೆ ಕೊಟ್ಟಿದ್ದರೆ, ಅದನ್ನು ಇನ್ನೊಮ್ಮೆ ನಿಮಗೆ ಕೊಡಬೇಕಾಗಿಲ್ಲ. ಇದೂ 109ನೇ ಕಲಮಿನಲ್ಲೇ ಇದೆ. ಅದಕ್ಕೇ ತಡ ಮಾಡಬೇಡಿ. ಹೀಗೆ ಬರೆದರೆ ಸಾಕು:

“ಮಾನ್ಯರೇ, ತಾವು ವಾಸವಿರುವ ಮನೆಯನ್ನು ನಾನು ಇಂಥ ತಾರೀಖಿನ ನೋಂದಾಯಿತ ಕ್ರಯಪತ್ರದ ಮೂಲಕ ಇಂಥವರಿಂದ ಕೊಂಡಿರುತ್ತೇನೆ. ಕ್ರಯಪತ್ರದ ನಕಲು ಲಗತ್ತಿಸಿದೆ. ಇನ್ನು ಮುಂದೆ ಬಾಡಿಗೆಯನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಈ ಕೆಳಗಿನ ಬ್ಯಾಂಕ್ ಖಾತೆಗೆ ಕಟ್ಟಬೇಕು. ತಮ್ಮ ಬಳಿ ಇರುವ ಬಾಡಿಗೆ ಕರಾರು ಮತ್ತು ಅಡ್ವಾನ್ಸ್ ಕೊಟ್ಟಿರುವ ರಸೀದಿಯ ನಕಲನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ.”

ಹಳೆ ಮಾಲೀಕನ ಸಹಿಯೂ ಅದರ ಕೆಳಗೆ ಇದ್ದರೆ ತುಂಬಾ ಒಳ್ಳೆಯದು. ರಿಜಿಸ್ಟ್ರೇಷನ್ ದಿನವೇ, ಅವನು ಚೆಕ್ ಜೇಬಿಗೆ ಹಾಕಿಕೊಳ್ಳುವ ಮುಂಚೆಯೇ ಹಾಕಿಸಿಕೊಂಡುಬಿಡಿ. ಆಮೇಲೆ ಹುಡುಕಿಕೊಂಡು ತಿರುಗಬೇಕಾಗುತ್ತದೆ.

ಕೈಯಲ್ಲಿ ಕೊಟ್ಟು ಸಹಿ ತಗೊಳ್ಳಿ, ಪೋಸ್ಟಿನಲ್ಲೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನ ಜೊತೆ ಸೇರಿಹೋಗಿದೆ. ತಲುಪಿದ ದಾಖಲೆ ಸಿಗುವ ಹಾಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಒಂದೆರಡು ತಿಂಗಳ ಬಾಡಿಗೆ ನಿಮ್ಮ ಖಾತೆಗೆ ಬಂತು ಅಂದರೆ ನೀವು ಮಾಲೀಕ, ಅವರು ಬಾಡಿಗೆದಾರ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಮುಂದೆ ದಾವೆಯಲ್ಲಿ “ಇವರು ನನಗೆ ಗೊತ್ತೇ ಇಲ್ಲ” ಅನ್ನಲು ಆಗುವುದಿಲ್ಲ. ಈ ಎರಡು ತಿಂಗಳು ಕಾಯುವುದು ನಷ್ಟ ಅಂತ ಅನ್ನಿಸಬಹುದು. ನನ್ನ ಕೇಳಿದರೆ ಅದು ಒಳ್ಳೆಯ ಖರ್ಚು.

ಈ ಮಧ್ಯೆ ಮಹಾನಗರ ಪಾಲಿಕೆಯಲ್ಲಿ ಖಾತೆ ನಿಮ್ಮ ಹೆಸರಿಗೆ ಮಾಡಿಸಿ, ಕಂದಾಯ ಕಟ್ಟಿ, ಬೆಸ್ಕಾಂ ಮೀಟರ್ ಹೆಸರು ಬದಲಾಯಿಸಿ. ಖಾತೆ ಅನ್ನುವುದು ಹಕ್ಕುಪತ್ರ ಅಲ್ಲ, ಆದರೂ ಕಡತದಲ್ಲಿ ಇದ್ದರೆ ಒಳ್ಳೆಯದು.

ಯಾವ ಕಾಯ್ದೆ ನಿಮಗೆ ಅನ್ವಯ?

ಸುಲಭವಾಗಿ ಹೇಳುತ್ತೇನೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, 2001ರ ಕೊನೆಯಿಂದ ಜಾರಿಯಲ್ಲಿದೆ. ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಕೊಡುವುದು ಅದು. ಆದರೆ ತಿಂಗಳ ಬಾಡಿಗೆ ಒಂದು ಮಿತಿ ದಾಟಿದರೆ ಅದು ಅನ್ವಯ ಆಗುವುದಿಲ್ಲ. ಊರಿಗೆ ತಕ್ಕಂತೆ ಆ ಮಿತಿ 3,500 ಅಥವಾ 2,000 ರೂಪಾಯಿ. ಇವತ್ತು ಕ್ಯಾತ್ಸಂದ್ರದಲ್ಲೋ ಎಸ್.ಐ.ಟಿ. ಕಾಲೇಜಿನ ಸುತ್ತಮುತ್ತಲೋ ಎರಡು ಬೆಡ್‌ರೂಮಿನ ಮನೆ ಆ ದರಕ್ಕೆ ಎಲ್ಲಿ ಸಿಗುತ್ತೆ? ಹಾಗಾಗಿ ಹೆಚ್ಚಿನ ಮನೆಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅಲ್ಲಿ ಖಾಲಿ ಮಾಡಿಸಲು ‘ಕಾರಣ’ ಬೇಕಾಗಿಲ್ಲ. ಕರಾರಿನ ಅವಧಿ ಮುಗಿದಿರಬೇಕು, ಅಥವಾ ಸರಿಯಾಗಿ ನೋಟಿಸ್ ಕೊಟ್ಟಿರಬೇಕು, ಅಷ್ಟೇ.

ಎಚ್ಚರ ಬೇಕಾಗಿರುವುದು ಚಿಕ್ಕಪೇಟೆ, ಮಂಡಿಪೇಟೆ ಕಡೆಯ ಹಳೆ ಮನೆಗಳಲ್ಲಿ. ಅಪ್ಪನ ಕಾಲದಿಂದ ಇರುವ ಬಾಡಿಗೆದಾರರು, ಬಾಡಿಗೆ ಇನ್ನೂ ನೂರುಗಳಲ್ಲೇ. ಅಂಥ ಮನೆಗೆ 1999ರ ಕಾಯ್ದೆ ಬರುತ್ತದಾ ಅಂತ ಮೊದಲು ವಕೀಲರಲ್ಲಿ ಖಚಿತಪಡಿಸಿಕೊಳ್ಳಿ. ಬಂದರೆ 27ನೇ ಕಲಂ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ನೀವು ಸಾಬೀತು ಮಾಡಬೇಕು. ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೂ 2 ತಿಂಗಳೊಳಗೆ ಕಟ್ಟದಿರುವುದು, ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಟ್ಟಿರುವುದು, ನಿಮಗೋ ನಿಮ್ಮ ಮನೆಯವರಿಗೋ ವಾಸಕ್ಕೆ ನಿಜವಾಗಿ ಬೇಕಾಗಿರುವುದು, ಹೀಗೆ. ಸ್ವಂತ ವಾಸದ ಕಾರಣಕ್ಕೆ ಹೋದರೆ ನಿಮಗೆ ಬೇರೆ ತಕ್ಕ ಮನೆ ಇಲ್ಲ ಅಂತಲೂ ತೋರಿಸಬೇಕು. ಬಾಡಿಗೆ ಕಡಿಮೆ ಇದೆ ಅಂತ ಅಗ್ಗದಲ್ಲಿ ಕೊಂಡವರು ಆ ಅಗ್ಗದ ಕಾರಣ ತಿಳಿಯುವುದು ಇಲ್ಲಿಗೆ ಬಂದಾಗ.

ಖಾಲಿ ಮಾಡಿಸುವ ನೋಟಿಸ್

ಮೊದಲು ಕರಾರು ಓದಿ. ಅದರಲ್ಲಿ “ಎರಡು ತಿಂಗಳ ಮುಂಚೆ ತಿಳಿಸತಕ್ಕದ್ದು” ಅಂತ ಇದ್ದರೆ ಎರಡು ತಿಂಗಳು. ಕರಾರೇ ಇಲ್ಲ, ಅಥವಾ 11 ತಿಂಗಳು ಮುಗಿದು ಹಾಗೇ ಮುಂದುವರಿದಿದೆ, ಬಾಡಿಗೆ ತಿಂಗಳಿಗೆ ಒಮ್ಮೆ ಬರುತ್ತಿದೆ ಅಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್. ಇನ್ನೊಂದು ವಿಷಯ: ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ರಿಜಿಸ್ಟರ್ ಆಗಿರಲೇಬೇಕು. ಛಾಪಾ ಕಾಗದದಲ್ಲಿ ‘5 ವರ್ಷ’ ಅಂತ ಬರೆದು ನೋಟರಿ ಮಾಡಿಸಿದ ಮಾತ್ರಕ್ಕೆ 5 ವರ್ಷದ ಹಕ್ಕು ಹುಟ್ಟುವುದಿಲ್ಲ.

ಹಿಂದೆ ನೋಟಿಸಿನ ದಿನ ಲೆಕ್ಕದಲ್ಲಿ ಒಂದು ದಿನ ಹೆಚ್ಚು ಕಡಿಮೆ ಆದರೂ ದಾವೆ ಬಿದ್ದುಹೋಗುತ್ತಿತ್ತು. 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಕಾಟ ತಪ್ಪಿಸಿದೆ. ನೋಟಿಸಿನಲ್ಲಿ ಬರೆದ ದಿನ ಕಡಿಮೆ ಇದ್ದರೂ, ದಾವೆ ಹಾಕುವ ಹೊತ್ತಿಗೆ 15 ದಿನ ಕಳೆದಿದ್ದರೆ ಸಾಕು.

ಇಷ್ಟಾದರೂ ನಾನು 15 ದಿನದ ನೋಟಿಸ್ ಕೊಡಿ ಅನ್ನುವುದಿಲ್ಲ. 15 ದಿನದಲ್ಲಿ ಯಾರಿಗೆ ಮನೆ ಸಿಗುತ್ತೆ ಹೇಳಿ? ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಎರಡು. ತಿಂಗಳೂ ನೋಡಿ ಆರಿಸಿ. ಮಕ್ಕಳಿಗೆ ಪರೀಕ್ಷೆ ಇರುವ ಮಾರ್ಚಿನಲ್ಲಿ ಗಡುವು ಬಿದ್ದರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಆಷಾಢದಲ್ಲಿ ಬಿದ್ದರಂತೂ ಮುಗಿಯಿತು. ನಮ್ಮ ಕಡೆ ಆಷಾಢದಲ್ಲಿ ಯಾರು ಹೊಸ ಮನೆಗೆ ಹೋಗಿ ಹಾಲುಕ್ಕಿಸುತ್ತಾರೆ? “ಶ್ರಾವಣ ಬರಲಿ ಸಾರ್” ಅನ್ನುತ್ತಾರೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ ಗಣೇಶ, ಪಿತೃಪಕ್ಷ, ದಸರಾ. ಫೆಬ್ರವರಿಯಲ್ಲಿ ನೋಟಿಸ್ ಕೊಟ್ಟು ಏಪ್ರಿಲ್ ಕೊನೆಗೆ ಗಡುವು ಇಟ್ಟರೆ ಎಲ್ಲರಿಗೂ ಸಲೀಸು.

ನೋಟಿಸ್ ವಕೀಲರಿಂದಲೇ ಕೊಡಿಸಿ. ಅದರಲ್ಲಿ ಇರಬೇಕಾದದ್ದು: ಮನೆಯ ವಿಳಾಸ ಮತ್ತು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ನೀವು ಕೊಂಡ ವಿವರ, ಬಾಡಿಗೆ ಮತ್ತು ಅಡ್ವಾನ್ಸ್ ಮೊತ್ತ, “ಇಂಥ ದಿನಕ್ಕೆ ತಮ್ಮ ಬಾಡಿಗೆ ಹಕ್ಕನ್ನು ಕೊನೆಗೊಳಿಸಲಾಗಿದೆ” ಅನ್ನುವ ಸ್ಪಷ್ಟ ಮಾತು, ಮತ್ತು ಗಡುವಿನ ನಂತರ ಕಟ್ಟುವ ಹಣವನ್ನು ಬಾಡಿಗೆ ಅಂತಲ್ಲ, ಬಳಕೆಯ ನಷ್ಟ ಪರಿಹಾರ ಅಂತ ಮಾತ್ರ ಪಡೆಯುತ್ತೇವೆ ಅನ್ನುವ ಸಾಲು. ಈ ಕೊನೆಯದನ್ನು ಬಿಡಬೇಡಿ. ನೋಟಿಸ್ ಕೊಟ್ಟ ಮೇಲೂ ಫೋನ್‌ಪೇನಲ್ಲಿ ಮೊದಲಿನ ಹಾಗೇ ದುಡ್ಡು ಬರುತ್ತದೆ, ನೀವು ಮೊದಲಿನ ಹಾಗೇ ‘ಬಾಡಿಗೆ ಬಂತು, ಥ್ಯಾಂಕ್ಸ್’ ಅಂತ ವಾಟ್ಸ್ಆ್ಯಪ್ ಹಾಕುತ್ತೀರಿ. ನೋಟಿಸನ್ನು ನೀವೇ ಕೈಬಿಟ್ಟಿರಿ ಅಂತ ವಾದ ಮಾಡಲು ಅವರಿಗೆ ಅದೇ ಸಾಕು. ಹಣ ತಗೊಂಡ ಮಾತ್ರಕ್ಕೆ ನೋಟಿಸ್ ಸತ್ತೇಹೋಗುತ್ತದೆ ಅಂತಲ್ಲ, ಆದರೆ ನೀವಾಗಿ ಅವರಿಗೆ ದಾರಿ ಮಾಡಿಕೊಡುವುದೇಕೆ?

ಕವರ್ ‘ಬಾಗಿಲು ಹಾಕಿದೆ’ ಅಂತಲೋ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಅಂತಲೋ ವಾಪಸ್ ಬಂದರೆ ಬೇಜಾರಾಗಬೇಡಿ. ಅದನ್ನು ತೆರೆಯದೆ ಹಾಗೇ ವಕೀಲರಿಗೆ ಕೊಡಿ. ಮುಚ್ಚಿದ ಆ ಕವರ್ ಕೋರ್ಟಿನಲ್ಲಿ ಒಳ್ಳೆಯ ದಾಖಲೆ. ನೋಟಿಸಿನ ಇನ್ನೊಂದು ಪ್ರತಿಯನ್ನು ಮನೆಯವರ ಕೈಗೆ ಕೊಡಬಹುದು, ಅದೂ ಆಗದಿದ್ದರೆ ಬಾಗಿಲಿಗೆ ಅಂಟಿಸಬಹುದು. ಅಂಟಿಸಿದ ಫೋಟೊ ತೆಗೆದಿಡಿ.

ಬೀಗಕ್ಕೆ ಕೈ ಹಾಕಬೇಡಿ

ನಮ್ಮ ಭಾವ ಎರಡನೇ ತಪ್ಪು ಮಾಡಿದ್ದು ಇಲ್ಲಿ. ಯಾರೋ ಹೇಳಿದರು ಅಂತ ಎರಡು ದಿನ ಮೋಟರ್ ಆಫ್ ಮಾಡಿಟ್ಟರು. ನೀರಿಲ್ಲದಿದ್ದರೆ ತಾವಾಗೇ ಹೋಗ್ತಾರೆ ಅನ್ನುವ ಲೆಕ್ಕ. ಮೂರನೇ ದಿನ ಬೆಳಿಗ್ಗೆ ಬಾಡಿಗೆದಾರರ ಹೆಂಡತಿ 112ಕ್ಕೆ ಫೋನ್ ಮಾಡಿದರು. ಜೀಪ್ ಬಂತು, ಬೀದಿಯೆಲ್ಲಾ ನೋಡಿತು. ಸ್ಟೇಷನ್ನಿನಲ್ಲಿ ಇಬ್ಬರಿಗೂ “ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ” ಅಂದು ಕಳಿಸಿದರು. ಅಲ್ಲಿಯವರೆಗೂ “ಮೇ ತಿಂಗಳಿಗೆ ಬಿಡ್ತೀವಿ ಅಣ್ಣ” ಅನ್ನುತ್ತಿದ್ದವರು ಅವತ್ತಿಂದ ಮಾತೇ ನಿಲ್ಲಿಸಿದರು. ಮೇ ಹೋಗಿ ಡಿಸೆಂಬರ್ ಆಯಿತು.

ನೀರು, ಕರೆಂಟ್ ಕಟ್ ಮಾಡುವುದು, ಹೊರಗಿಂದ ಬೀಗ ಜಡಿಯುವುದು, ಅವರು ಊರಿಗೆ ಹೋದಾಗ ಸಾಮಾನು ಹೊರಗಿಡುವುದು, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಹೆದರಿಸುವುದು, ಒಂದೂ ಬೇಡ. ಅವಧಿ ಮುಗಿದ ಬಾಡಿಗೆದಾರರನ್ನೂ ಕಾನೂನಿನ ದಾರಿಯಲ್ಲೇ ಹೊರಗೆ ಹಾಕಬೇಕು. ಬಲವಂತವಾಗಿ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಅವರು 6 ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಅನ್ನುವ ಪ್ರಶ್ನೆಯನ್ನೇ ಕೋರ್ಟು ನೋಡುವುದಿಲ್ಲ. ಜೊತೆಗೆ ಅತಿಕ್ರಮ ಪ್ರವೇಶದ ಕ್ರಿಮಿನಲ್ ಕೇಸ್ ಬೇರೆ.

ದಾವೆಗೆ ಮುಂಚೆ ಒಂದು ಮಾತುಕತೆ

ಖಾಲಿ ಮಾಡದೇ ಇರುವವರೆಲ್ಲಾ ಹಠಮಾರಿಗಳಲ್ಲ. ಎಷ್ಟೋ ಸಲ ಅವರ ಕಷ್ಟ ಒಂದೇ: ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕು, ಆ ದುಡ್ಡು ನಿಮ್ಮ ಹತ್ತಿರ ಕೂತಿದೆ. ನೀವು “ಖಾಲಿ ಮಾಡಿ, ಆಮೇಲೆ ಕೊಡ್ತೀನಿ” ಅನ್ನುತ್ತೀರಿ. ಅವರು “ಕೊಡಿ, ಆಮೇಲೆ ಖಾಲಿ ಮಾಡ್ತೀನಿ” ಅನ್ನುತ್ತಾರೆ. ಇಬ್ಬರೂ ಹೇಳುವುದು ಸರಿ, ಮನೆ ಮಾತ್ರ ಖಾಲಿ ಆಗುವುದಿಲ್ಲ. ಇಂಥ ಕಡೆ ಅರ್ಧ ಅಡ್ವಾನ್ಸನ್ನು ಮುಂಚೆಯೇ ಅವರು ಹೋಗುವ ಮನೆಯ ಮಾಲೀಕರ ಹೆಸರಿಗೇ ಕಳಿಸಿ, ಉಳಿದ ಅರ್ಧ ಕೀಲಿಕೈ ಕೊಟ್ಟ ದಿನ ಅಂತ ಬರೆದುಕೊಂಡರೆ ಗಂಟು ಬಿಚ್ಚುತ್ತದೆ. ಕೊನೆ ತಿಂಗಳ ಬಾಡಿಗೆ ಬಿಡುವುದು, ಸಾಮಾನು ಸಾಗಿಸುವ ಗಾಡಿ ಬಾಡಿಗೆ ಕೊಡುವುದು, ಸುಣ್ಣ ಬಣ್ಣದ ಹಣ ಹಿಡಿಯದಿರುವುದು, ಇವೆಲ್ಲಾ ಒಂದು ವರ್ಷದ ಕೋರ್ಟ್ ಖರ್ಚಿನ ಮುಂದೆ ಏನೂ ಅಲ್ಲ.

ಇಬ್ಬರ ಮಧ್ಯೆ ಮಾತು ನಿಂತುಹೋಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ದಾವೆ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದಕ್ಕೆ ಕೋರ್ಟ್ ಡಿಕ್ರಿಯ (ತೀರ್ಪಿನ ಆದೇಶದ) ಬೆಲೆ ಇದೆ. ಒಪ್ಪಿದ ದಿನ ಬಿಡದಿದ್ದರೆ ಅದನ್ನು ಜಾರಿ ಮಾಡಿಸಲು ನೇರವಾಗಿ ಕೋರ್ಟಿಗೆ ಹೋಗಬಹುದು.

ದಾವೆ

ಮಾತಿಗೆ ಬಗ್ಗದವರಿಗೆ ಸಿವಿಲ್ ದಾವೆ. ಕೋರ್ಟ್ ಶುಲ್ಕ ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಲೆಕ್ಕದಲ್ಲಿ. ಹಾಗಾಗಿ ಅದಕ್ಕೆ ಹೆದರಬೇಕಾಗಿಲ್ಲ. ಸ್ವಾಧೀನ, ಬಾಡಿಗೆ ಬಾಕಿ, ಗಡುವಿನ ನಂತರದ ದಿನಗಳಿಗೆ ನಷ್ಟ ಪರಿಹಾರ, ಮೂರನ್ನೂ ಒಟ್ಟಿಗೆ ಕೇಳಿ. ಬಾಕಿ 3 ವರ್ಷದ ಹಿಂದಿನದಾದರೆ ಕೇಳಲು ಆಗುವುದಿಲ್ಲ. ಕ್ರಯಪತ್ರ, ಇ.ಸಿ., ಖಾತೆ, ಕಂದಾಯ ರಸೀದಿ, ಮೊದಲ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸ್, ಪೋಸ್ಟ್ ರಸೀದಿ, ವಾಪಸ್ ಬಂದ ಕವರ್, ಎಲ್ಲಾ ಒಂದೇ ಫೈಲಿನಲ್ಲಿ ಇರಲಿ.

ಎದುರಿಂದ ಬರುವ ವಾದಗಳು ಹೆಚ್ಚು ಕಡಿಮೆ ಇಷ್ಟೇ. ಒಂದು, “12 ವರ್ಷದಿಂದ ಇದ್ದೀವಿ, ಮನೆ ನಮ್ಮದೇ.” ಇದು ನಡೆಯುವುದಿಲ್ಲ. ಬಾಡಿಗೆ ಕೊಟ್ಟುಕೊಂಡು ಎಷ್ಟು ವರ್ಷ ಇದ್ದರೂ ಅವರು ಬಾಡಿಗೆದಾರರೇ. ಎರಡು, “ಹಳೆ ಮಾಲೀಕರು ನಮಗೇ ಮಾರ್ತೀನಿ ಅಂತ ಕರಾರು ಬರೆದುಕೊಟ್ಟಿದ್ದರು.” ಇದು ಸ್ವಲ್ಪ ಗಟ್ಟಿ ವಾದ. ಆದರೆ 2001ರ ಸೆಪ್ಟೆಂಬರ್ 24ರ ನಂತರ ಬರೆದ ಕ್ರಯದ ಕರಾರು ರಿಜಿಸ್ಟರ್ ಆಗಿರದಿದ್ದರೆ ಅದನ್ನು ತೋರಿಸಿ ಸ್ವಾಧೀನ ಉಳಿಸಿಕೊಳ್ಳಲು ಆಗುವುದಿಲ್ಲ. ಮೂರು, “ನೀವು ಇಡೀ ಕಟ್ಟಡ ಕೊಂಡಿಲ್ಲ, ಕೆಳಗಿನ ಭಾಗ ಮಾತ್ರ.” ಭಾಗ ಕೊಂಡಿದ್ದರೂ ಆ ಭಾಗದ ಮಟ್ಟಿಗೆ ಮಾಲೀಕರ ಹಕ್ಕು ನಿಮಗೆ ಇದೆ.

ಡಿಕ್ರಿ ಆದ ಮೇಲೆ ಅವರು ಅಪೀಲು ಹೋಗಿ ತಡೆ ಕೇಳಬಹುದು. ಆಗ ನಿಮ್ಮ ವಕೀಲರಿಗೆ ಆತ್ಮಾ ರಾಮ್ ಪ್ರಾಪರ್ಟೀಸ್ ಪ್ರಕರಣ ನೆನಪಿಸಿ. ಖಾಲಿ ಮಾಡುವ ಡಿಕ್ರಿ ಆದ ಮೇಲೂ ಉಳಿಯಬೇಕು ಅಂದರೆ ಹಳೆ ಬಾಡಿಗೆ ಅಲ್ಲ, ಆ ಮನೆ ಈಗ ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದಷ್ಟು ಹಣ ಕಟ್ಟುವಂತೆ ಷರತ್ತು ಹಾಕಬಹುದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಈ ಷರತ್ತು ಬಿದ್ದ ತಕ್ಷಣ ಎಷ್ಟೋ ಜನ ಮನೆ ಹುಡುಕಲು ಶುರು ಮಾಡುತ್ತಾರೆ. ಅಷ್ಟಕ್ಕೂ ಬಿಡದಿದ್ದರೆ ಜಾರಿ ಅರ್ಜಿ. ಕೋರ್ಟಿನ ಅಮೀನರು ಬಂದು ಸ್ವಾಧೀನ ಕೊಡಿಸುತ್ತಾರೆ, ಅಡ್ಡ ಬಂದರೆ ಕೋರ್ಟಿನ ಅಪ್ಪಣೆ ಮೇಲೆ ಪೊಲೀಸರೂ ಬರುತ್ತಾರೆ.

ಬ್ಯಾಂಕ್ ಹರಾಜಿನಲ್ಲಿ ಕೊಂಡವರಿಗೆ ಇದೇ ದಾರಿ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಮನೆ ಇದ್ದ ಹಾಗೇ ಮಾರುತ್ತಾರೆ, ಬಾಡಿಗೆ ಕರಾರು ಅಡಮಾನಕ್ಕಿಂತ ಮುಂಚಿನದೋ ನಂತರದ್ದೋ ಅನ್ನುವುದರ ಮೇಲೆ ಎಲ್ಲಾ ನಿಂತಿರುತ್ತದೆ. ಹರಾಜಿಗೆ ದುಡ್ಡು ಕಟ್ಟುವ ಮುಂಚೆಯೇ ವಕೀಲರನ್ನು ಕಾಣಿ.

ಕೀಲಿಕೈ ಕೊಡುವ ದಿನ

ಹಗಲು ಹೊತ್ತಲ್ಲಿ ಇಟ್ಟುಕೊಳ್ಳಿ, ಇಬ್ಬರು ಸಾಕ್ಷಿ ಇರಲಿ. ಬೆಸ್ಕಾಂ ಮೀಟರಿನ ರೀಡಿಂಗ್ ಫೋಟೊ ತೆಗೆಯಿರಿ, ಬಾಕಿ ಬಿಲ್ಲು ಅಲ್ಲೇ ಲೆಕ್ಕ ಹಾಕಿ ಅಡ್ವಾನ್ಸಿನಲ್ಲಿ ಕಳೆಯಿರಿ. ಒಂದು ಹಾಳೆಯಲ್ಲಿ ಬರೆಸಿ ಸಹಿ ತಗೊಳ್ಳಿ: “ನಾನು ಈ ದಿನ ಸದರಿ ಮನೆಯನ್ನು ಖಾಲಿ ಮಾಡಿ ಕೀಲಿಕೈಗಳನ್ನು ಒಪ್ಪಿಸಿರುತ್ತೇನೆ. ಅಡ್ವಾನ್ಸ್ ಪೂರ್ತಿ ಮುಟ್ಟಿದೆ. ಒಳಗೆ ನನ್ನ ಯಾವ ಸಾಮಾನೂ ಇಲ್ಲ.” ಸಹಿ ಆದ ಮೇಲೆ ಅಡ್ವಾನ್ಸ್, ಅದೂ ಬ್ಯಾಂಕ್ ಮೂಲಕ.

ಸಹಿಗೆ ಮುಂಚೆ ಎಲ್ಲಾ ಕೋಣೆ, ಅಟ್ಟ, ಮಹಡಿ ಮೇಲಿನ ಶೀಟ್ ರೂಮು ತೆಗೆಸಿ ನೋಡಿ. “ಈ ಒಂದು ಬೀರು ಮಾತ್ರ ಇರಲಿ, ಭಾನುವಾರ ಬಂದು ತಗೊಂಡು ಹೋಗ್ತೀವಿ” ಅಂದರೆ ಅವತ್ತು ಕಾಗದಕ್ಕೆ ಸಹಿ ಹಾಕಿಸಬೇಡಿ, ಭಾನುವಾರವೇ ಹಾಕಿಸಿ. ಭಾವನ ಮನೆಯ ಅಟ್ಟದಲ್ಲಿ ಒಂದು ಹಳೇ ಬೀರು ಇನ್ನೂ ಹಾಗೇ ಇದೆ.